ಕೌದಿಯ ಹೊಟ್ಟೆಯೊಳಗಿನ ರೊಟ್ಟಿ

ನ್ಯೂಜಿಲೆಂಡ್ ಹೇಗಿತ್ತು ಎಂದು ಸ್ಟಾಫ್ ರೂಮಿನಲ್ಲಿ ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಟ್ಟಿದ್ದೇನೆ: ಅಲ್ಲಿಯ ನಾಯಿಗಳು ಬಹಳ ಶಾಣ್ಯಾ. ಇದಕ್ಕಿಂತ ಹೆಚ್ಚು ಹೇಳಲು ಹೋದರೆ ನನ್ನ ಮರ್ಯಾದೆಯೇ ಹೋಗುತ್ತದೆ. ಹೇಳದಿದ್ದರೂ ಹೋಗುತ್ತದೆ, ಯಾಕೆಂದರೆ ನನ್ನ ಅಕ್ಕ ಈಗಾಗಲೇ ಅನಗವಾಡಿಯಿಂದ ಬೀಳಗಿಯವರೆಗೆ ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಈ ಕಥೆ ಹೇಳಿದ್ದಾಳೆ. ಅವಳ ಬಾಯಿಂದ ನೀವು ಕೇಳುವ ಮುಂಚೆ ನಾನೇ ಬರೆದುಬಿಡುವುದು ವಾಸಿ.

ಜಮಖಂಡಿ

ನಾನು ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ, ಹೆಸರು ಶಿವಾನಂದ. ಪರೀಕ್ಷೆ ಹತ್ತಿರ ಬಂದರೆ ನನ್ನ ಪಿರಿಯಡ್ ಗಣಿತದವರ ಪಾಲಾಗುತ್ತದೆ. ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗ್ ಬಂದಾಗ ಮಾತ್ರ ಬೋರ್ಡು ಬರೆಯಲು ಎಲ್ಲರಿಗೂ ನನ್ನ ನೆನಪಾಗುತ್ತದೆ. ಇಪ್ಪತ್ತು ವರ್ಷ ಹಾಳೆಯ ಮೇಲೆ ಚಿತ್ರ ಬರೆದೆ, ಯಾರೂ ಹೊರಳಿ ನೋಡಲಿಲ್ಲ. ಎರಡು ವರ್ಷದ ಹಿಂದೆ ಅನಗವಾಡಿಯಲ್ಲಿರುವ ಅಕ್ಕ ನೀಲವ್ವನ ಮನೆಗೆ ಹೋಗಿದ್ದೆ. ಅವಳು ಪಡಸಾಲೆಯಲ್ಲಿ ಕೌದಿ ಹೊಲಿಯುತ್ತ ಕೂತಿದ್ದಳು. ಹಳೆ ಸೀರೆ, ಧೋತರದ ಚೂರುಗಳನ್ನು ಪದರ ಪದರವಾಗಿ ಇಟ್ಟು ಕೈಯಿಂದ ಹೊಲಿಯುವ ಹೊದಿಕೆ ಅದು; ನಮ್ಮ ಕಡೆ ಪ್ರತಿ ಮನೆಯಲ್ಲೂ ನಾಲ್ಕಾರು ಇರುತ್ತವೆ. ನನಗೆ ಹೊತ್ತು ಹೋಗದೆ ಒಲೆಯ ಇದ್ದಿಲು ತಂದು ಅದರ ಮೇಲೆ ಒಂದು ಕಬ್ಬಿನ ಟ್ರ್ಯಾಕ್ಟರ್ ಬರೆದೆ. ಅಕ್ಕ ಬೈದಳು. ಬೈದು, ಅಳಿಸುವ ಬದಲು ಆ ಗೆರೆಯ ಗುಂಟ ಹೊಲಿಗೆ ಹಾಕಿದಳು, ಗಾಲಿಗೆ ಮಗನ ಹಳೆಯ ಶಾಲೆಯ ಅಂಗಿಯ ನೀಲಿ ಚೂರು ಇಟ್ಟಳು.

ಅಲ್ಲಿಂದ ಶುರುವಾಯಿತು. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಪಾಳಿಗಾಗಿ ಬಾಡಗಂಡಿ ರಸ್ತೆಯ ಮೇಲೆ ಮೈಲುಗಟ್ಟಲೆ ನಿಲ್ಲುವ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ನನ್ನ ಚಿತ್ರವಾಯಿತು. ಇದ್ದಿಲು, ಮಸಿ, ಬಣ್ಣ, ಬನಹಟ್ಟಿಯ ಮಗ್ಗದವರಲ್ಲಿ ಉಳಿದ ಸೀರೆಯಂಚಿನ ಚೂರು, ಎಲ್ಲ ಅದರಲ್ಲಿ ಸೇರಿದವು. ಅಕ್ಕ ಸುಮ್ಮನೆ ಹೊಲಿಯುವವಳಲ್ಲ. "ಹಿಂಗ ಒತ್ತಿ ನಿಂತ್ರ ಗಾಡಿ ಎತ್ತಾಗ ಹೊಳ್ಳಸ್ತಾರಲೇ?" ಎಂದು ನನ್ನ ಎರಡು ಟ್ರ್ಯಾಕ್ಟರ್ ಬಿಚ್ಚಿ ಹಾಕಿದಳು. ಸಾಲಿನ ನಡುವೆ ಒಂದು ಖಾಲಿ ಜಾಗ ಮಾಡಿ, ಅಲ್ಲಿ ಒಂದು ಕೆಂಪು ಚೂರು ಹಚ್ಚಿ, "ಇವಾ ಡ್ರೈವರ. ಟಾವೆಲ್ ಹೊಚ್ಕೊಂಡ ಮಲಗ್ಯಾನ" ಅಂದಳು. ನಾನು ಅದಕ್ಕೆ 'ಪಾಳಿ' ಎಂದು ಹೆಸರಿಟ್ಟೆ. ಫೋನಿನಲ್ಲಿ ಹಾಕಿದ ಫೋಟೋ ಎಲ್ಲೆಲ್ಲೋ ಸುತ್ತಿ, ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಊರಿನ ಒಂದು ಗ್ಯಾಲರಿಯಿಂದ ಪತ್ರ ಬಂತು. ಅವರು ಹೊಸ ಕಾಲದ ಮಿಕ್ಸೆಡ್ ಮೀಡಿಯಾ ಚಿತ್ರಗಳ ಪ್ರದರ್ಶನ ಮಾಡುತ್ತಿದ್ದರು. ಸಿಕ್ಕಿದ್ದೆಲ್ಲ ಸೇರಿಸಿ ಮಾಡಿದ ಚಿತ್ರಕ್ಕೆ ಅವರಿಟ್ಟ ಹೆಸರು ಅದು. ಕಲಾವಿದನೂ ಬರಬೇಕು, ಜೊತೆಗೆ ಇನ್ನೊಬ್ಬರನ್ನು ಕರೆತರಬಹುದು ಎಂದಿದ್ದರು.

ಅರ್ಜಿಯನ್ನು ನಾನೇ ತುಂಬಿದೆ. 'ಕಲಾವಿದರ ಹೆಸರು' ಎಂಬಲ್ಲಿ ನನ್ನ ಹೆಸರು ಬರೆದೆ. 'ಜೊತೆಗೆ ಕೆಲಸ ಮಾಡಿದವರು ಇದ್ದರೆ' ಎಂಬಲ್ಲಿ ಒಂದು ಅಡ್ಡಗೆರೆ ಎಳೆದೆ. 'ಜೊತೆಗೆ ಬರುವವರು' ಎಂಬಲ್ಲಿ ಹೆಂಡತಿಯ ಹೆಸರು ಹಾಕುವವನಿದ್ದೆ. ಅವಳು "ವಿಮಾನಾ ಕೆಳಗ ನಿಂತ ನೋಡಿದ್ರನ ನಂಗ ತಲಿ ತಿರಗತೈತ್ರಿ, ನಿಮ್ಮ ಅಕ್ಕನ್ನ ಕರಕೊಂಡ ಹೋಗ್ರಿ" ಅಂದಳು. ಅಕ್ಕನ ಹೆಸರು ಬಿತ್ತು. ಆ ಅಡ್ಡಗೆರೆಯ ಬಗ್ಗೆ ಅವತ್ತು ನನಗೆ ಏನೂ ಅನಿಸಲಿಲ್ಲ.

ನನಗೆ ಹೆದರಿಕೆ ಇದ್ದದ್ದು ಬುತ್ತಿಯ ಬಗ್ಗೆ. ಆ ದೇಶದೊಳಗೆ ಹೇಳದೆ ಕೇಳದೆ ಒಂದು ಕಾಳು ಒಯ್ದರೂ ಹಿಡಿಯುತ್ತಾರೆ ಎಂದು ಓದಿದ್ದೆ. ಅಕ್ಕನ ಚೀಲವನ್ನು ಮೂರು ಸಲ ತಪಾಸು ಮಾಡಿದೆ. ಮೊದಲ ಸಲ ಶೇಂಗಾ ಚಟ್ನಿ ಸಿಕ್ಕಿತು. ಎರಡನೆಯ ಸಲ ಸೀರೆಗಳ ನಡುವೆ ಅರಿವೆಯಲ್ಲಿ ಸುತ್ತಿದ ರೊಟ್ಟಿ ಸಿಕ್ಕವು. ಮೂರನೆಯ ಸಲ ವಿಭೂತಿಯ ಡಬ್ಬಿಯ ತಳದಲ್ಲಿ ಗುರೆಳ್ಳು ಪುಡಿ.

"ಬುತ್ತಿ ಇಲ್ದ ಪರದೇಶಕ್ಕ ಹೆಂಗ ಹೋಗೂದಲೇ?"

"ಯಕ್ಕಾ, ಅಲ್ಲಿ ಹಿಡದ್ರ ನನ್ನ ಹೆಸರ ಕೆಡತೈತಿ. ಇನ್ನ ಏನರ ಐತೇನ ಚೀಲದಾಗ? ಖರೆ ಹೇಳ."

"ಚೀಲದಾಗ ಏನಿಲ್ಲಪಾ. ಬಸವಣ್ಣನಾಣಿ."

ಹೊರಡುವ ದಿನ ಬೆಳಿಗ್ಗೆ ಅವಳು ಕೌದಿಯ ಕೊನೆಯ ಮೂಲೆ ಹೊಲಿದು ದಾರ ಕಡಿದು "ಆತು" ಅಂದಳು. ಈ ಮೂಲೆ ಮುಗಿಯದ್ದಕ್ಕೇ ಅದನ್ನು ಪಾರ್ಸಲ್ಲಿನಲ್ಲಿ ಕಳಿಸಲಾಗದೆ ಕೈಯಲ್ಲಿ ಒಯ್ಯಬೇಕಾಗಿತ್ತು.

ಸಿಂಗಪುರ

ಸಿಂಗಪುರದಲ್ಲಿ ಏಳು ತಾಸು ವಿಮಾನ ಬದಲಿಸಲು ಕಾಯಬೇಕಿತ್ತು. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ನಾನು ವಿಮಾನದ ವೇಳೆಯ ಬೋರ್ಡು ನೋಡಿ ಬರಲು ಹೋದೆ. ಮರಳಿ ಬಂದರೆ ಜನ ಒಂದು ಕಡೆ ಸರಿದು ನಡೆಯುತ್ತಿದ್ದಾರೆ. ಅಕ್ಕ ಆ ಹೊಳೆಯುವ ನೆಲದ ನಟ್ಟನಡುವೆ 'ಪಾಳಿ'ಯನ್ನು ಹಾಸಿ, ಟ್ರ್ಯಾಕ್ಟರುಗಳ ಮೇಲೆ ಕಾಲು ಚಾಚಿ ಮಲಗಿದ್ದಾಳೆ. ತಲೆಯ ಕೆಳಗೆ ಚೀಲ, ಮುಖದ ಮೇಲೆ ಸೆರಗು.

"ಯಕ್ಕಾ! ಏಳ ಬೇ! ಅದು ಕಲಾಕೃತಿ!"

"ಏನ ಕೃತಿ?"

"ಪ್ರದರ್ಶನಕ್ಕ ಇಡೂದದು! ಗ್ವಾಡಿಗಿ ಹಾಕತಾರ!"

"ಗ್ವಾಡಿಗಿ ಹಾಕೂತನಕ ಕೌದಿ ಐತಿ. ಮಲಗಾಕ ಮಾಡೇನಿ, ಮಲಗೇನಿ." ಅವಳು ಮಗ್ಗಲು ಬದಲಿಸಿದಳು.

ಇದ್ದಿಲು ಅಳಿಸಿಹೋಗಬಾರದೆಂದು ನಾನು ಅದರ ಮೇಲೆ ಔಷಧ ಸಿಂಪಡಿಸಿದ್ದು ಒಳ್ಳೆಯದಾಯಿತು. ಆದರೂ ಡ್ರೈವರನ ಕೆಂಪು ಚೂರಿನ ಮೇಲೆ ಅವಳ ಎಣ್ಣೆಗೂದಲಿನ ಒಂದು ಗುರುತು ಬಿದ್ದಿತ್ತು. ನಾನು ಅದನ್ನು ಒರೆಸುತ್ತ ನೆಲದ ಮೇಲೆ ಮೊಣಕಾಲೂರಿ ಕೂತಿದ್ದಾಗ ಒಬ್ಬ ಮುದುಕ ಬಂದು ಇದನ್ನು ಮಾರುತ್ತೀರಾ ಎಂದು ಕೇಳಿದ. ಅಕ್ಕನಿಗೆ ತಿಳಿಸಲಿಲ್ಲ. ತಿಳಿಸಿದ್ದರೆ ಅಲ್ಲೇ ಅಂಗಡಿ ಹಾಕಿಬಿಡುತ್ತಿದ್ದಳು.

ಆಕ್ಲೆಂಡ್

ಆಕ್ಲೆಂಡಿನಲ್ಲಿ ಸಾಮಾನಿಗಾಗಿ ನಿಂತಿದ್ದೆವು. ನನ್ನ ಎದೆ ಉಬ್ಬಿತ್ತು. ವಿಮಾನದಲ್ಲಿ ತುಂಬಲು ಕೊಟ್ಟ ಅರ್ಜಿಯಲ್ಲಿ ಆಹಾರ ಇಲ್ಲ, ಬೀಜ ಇಲ್ಲ, ಕಾಳು ಇಲ್ಲ ಎಂದು ಬರೆದುಕೊಟ್ಟಿದ್ದೆ. ಇಡೀ ಸಾಲಿನಲ್ಲಿ ನನ್ನಷ್ಟು ಶುದ್ಧ ಚೀಲದವರು ಯಾರೂ ಇರಲಿಕ್ಕಿಲ್ಲ ಎನಿಸಿತ್ತು. ಆಗ ಜೋಲುಗಿವಿಯ, ಗಿಡ್ಡ ಕಾಲಿನ ಒಂದು ನಾಯಿ ಅಂಗಿ ತೊಟ್ಟುಕೊಂಡು ಬಂತು. ಅದರ ಹಗ್ಗ ಹಿಡಿದ ಹೆಣ್ಣುಮಗಳು ಎಲ್ಲರಿಗೂ ನಗುತ್ತ ಬರುತ್ತಿದ್ದಳು. ನಾಯಿ ನನ್ನ ಸೂಟ್‌ಕೇಸು ಮೂಸಿ ಬಿಟ್ಟಿತು, ಅಕ್ಕನ ಚೀಲ ಮೂಸಿ ಬಿಟ್ಟಿತು. ಕೌದಿಯ ಗಂಟಿನ ಹತ್ತಿರ ಬಂದು ಕೂತುಬಿಟ್ಟಿತು.

ನಮ್ಮ ಮುಧೋಳ ನಾಯಿ ಬೆನ್ನು ಹತ್ತಿ ಓಡಿ ಹಿಡಿಯುತ್ತದೆ. ಇದು ಕೂತೇ ಹಿಡಿಯಿತು. ಬೊಗಳಲಿಲ್ಲ, ಕಿವಿ ಸಹ ಅಲ್ಲಾಡಿಸಲಿಲ್ಲ. ಸುಮ್ಮನೆ ಕೂತು ನನ್ನ ಮುಖ ನೋಡಿತು.

ನಮ್ಮನ್ನು ಪಕ್ಕದ ಒಂದು ಕೋಣೆಗೆ ಕರೆದೊಯ್ದರು. ಅಲ್ಲಿಯ ಅಧಿಕಾರಿ ಬಾಗಿಲಿನಷ್ಟು ಅಗಲದ ಆಳು, ದನಿ ಮಾತ್ರ ಮೆತ್ತಗೆ. ಕೌದಿಯನ್ನು ಮೇಜಿನ ಮೇಲೆ ಬಿಚ್ಚಿ, ಬಹಳ ಚೆಂದ ಇದೆ ಎಂದ. ಆಮೇಲೆ ಕೇಳಿದ: ಇದನ್ನು ಮಾಡಿದವರು ಯಾರು?

"ನಾನು," ಎಂದೆ.

ಒಳಗೆ ಏನಿದೆ?

"ಬಟ್ಟೆ. ಬಟ್ಟೆ ಬಿಟ್ಟು ಬೇರೇನೂ ಇಲ್ಲ."

ಖಾತ್ರಿಯೇ?

"ನಾನೇ ಮಾಡಿದ್ದು ಎಂದೆನಲ್ಲ," ಎಂದು ಸ್ವಲ್ಪ ಬಿಗಿಯಾಗಿಯೇ ಹೇಳಿದೆ. ನಾಯಿಯ ಮಾತು ನಂಬುತ್ತಾನೆ, ಇಪ್ಪತ್ತು ವರ್ಷದ ಮಾಸ್ತರನ ಮಾತು ನಂಬುವುದಿಲ್ಲ ಎಂದು ಸಿಟ್ಟು ಬಂದಿತ್ತು.

ಅವನು ಕೌದಿಯನ್ನು ಯಂತ್ರದೊಳಗೆ ಹಾಯಿಸಿದ. ಪರದೆಯ ಮೇಲೆ ಮೂಲೆಯೊಂದರಲ್ಲಿ ಅಂಗೈಯಗಲದ ಒಂದು ನೆರಳು ಕಂಡಿತು. ಅವನು ಅದರ ಮೇಲೆ ಬೆರಳಿಟ್ಟು ನನ್ನನ್ನು ನೋಡಿದ. ನೀವೇ ಮಾಡಿದ್ದು, ಆದರೆ ಇದು ಏನೆಂದು ನಿಮಗೆ ಗೊತ್ತಿಲ್ಲ?

ಅಕ್ಕ ನನ್ನ ತೋಳು ಜಗ್ಗಿದಳು. "ಏನಂತಾನ ಅವಾ?"

"ಕೌದ್ಯಾಗ ಏನೋ ಐತಿ ಅಂತಾನ."

"ಐತಿ. ರೊಟ್ಟಿ ಐತಿ."

"ರೊಟ್ಟಿ? ರೊಟ್ಟಿ ಯಾಕ ಇಟ್ಟಿ ಬೇ?"

"ಯಾಕಂದ್ರ? ಕೌದಿ ಬಾಯಿ ಮುಚ್ಚುವಾಗ ರೊಟ್ಟಿ ಇಡದ ಹೆಂಗ ಮುಚ್ಚೂದು? ಅವ್ವ ಇಡತಿದ್ಲು, ಆಯಿ ಇಡತಿದ್ಲು. ಹಸದ ಕೌದಿ ಹೊಚ್ಕೊಂಡವ್ರಿಗಿ ನಿದ್ದಿ ಹತ್ತಂಗಿಲ್ಲ."

"ಮೂರ ಸಲ ತಪಾಸ ಮಾಡಿದ್ನೆಲ್ಲ, ಆವಾಗ ಹೇಳಾಕ ಏನಾಗಿತ್ತ ನಿಂಗ?"

"ನೀ ಚೀಲದಾಗ ಏನೈತಿ ಅಂತ ಕೇಳಿದಿ. ಕೌದ್ಯಾಗ ಏನೈತಿ ಅಂತ ಕೇಳಿದೇನು?"

ಕೇಳಿರಲಿಲ್ಲ. ಹುಟ್ಟಿದಾಗಿನಿಂದ ಅವ್ವನ ಕೌದಿಯಲ್ಲಿ ಮಲಗಿ ಎದ್ದವನು ನಾನು. ಅದರೊಳಗೆ ಏನಿರುತ್ತದೆ ಎಂದು ಐವತ್ತೆರಡು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಹೆಂಗಸರು ಪಡಸಾಲೆಯಲ್ಲಿ ಕೂತು ಮಾಡುವ ಕೆಲಸ ಅದು ಎಂದು ದಾಟಿಕೊಂಡು ಓಡಾಡಿದ್ದೆ.

ಅಧಿಕಾರಿಗೆ ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ನನ್ನ ದನಿ ಇಳಿಯುತ್ತ ಹೋಯಿತು. ಅವನು ನಗಲಿಲ್ಲ. ಕೌದಿಯ ಹಸಿವಿನ ಮಾತು ಬಂದಾಗ ತಲೆದೂಗಿದ. ಆಮೇಲೆ ಎರಡು ದಾರಿ ಹೇಳಿದ: ರೊಟ್ಟಿ ಹೊರಗೆ ತೆಗೆದು ಹುಳ ಇದ್ದರೆ ಸಾಯಲೆಂದು ಕೌದಿಯನ್ನು ಬಿಸಿಗೆ ಇಟ್ಟು ಎರಡು ದಿನದಲ್ಲಿ ಕೊಡುತ್ತಾರೆ, ಇಲ್ಲವೆಂದರೆ ಕೌದಿ ಬಂದ ದಾರಿಯಲ್ಲೇ ಮರಳಿ ಹೋಗುತ್ತದೆ. ಪ್ರದರ್ಶನಕ್ಕೆ ಮೂರು ದಿನ ಉಳಿದಿತ್ತು.

"ಕತ್ತರಿಸಿ ತೆಗೆಯಿರಿ," ಎಂದೆ.

ಅವನು ನನ್ನ ಕಡೆ ನೋಡಲಿಲ್ಲ, ಅಕ್ಕನ ಕಡೆ ನೋಡಿದ. ಅವಳಿಗೆ ಮಾತು ತಿಳಿಯದಿದ್ದರೂ ಕತ್ತರಿ ಕಂಡಿತ್ತು. "ಅದನ್ನ ಅತ್ತಾಗಿಡಂತ ಹೇಳ ಅವಂಗ. ನಾ ಬಿಚ್ತೀನಿ." ಅವನು ಅವಳಿಗೆ ಕೈಗವಸು ತೊಡಿಸಿದ. ಅವಳು ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಎಬ್ಬಿಸಿ ಮೂಲೆಯ ಬಾಯಿ ಬಿಚ್ಚಿ, ಎರಡು ಬೆರಳಿನಿಂದ ಒಂದು ಒಣಗಿದ ಕಟಕ ರೊಟ್ಟಿಯ ಚೂರು ತೆಗೆದಳು. ಜೋಳದ ರೊಟ್ಟಿ, ಅಂಚು ಸ್ವಲ್ಪ ಕರಿದಾಗಿತ್ತು. ಅವನು ಅದನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಮುಚ್ಚುವಾಗ ಅಕ್ಕ ಮುಖ ತಿರುವಿದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಒಂದು ಚೂರು ರೊಟ್ಟಿಗೆ ಇಷ್ಟು ರಂಪವೇ ಎಂದು ನನಗೆ ಇನ್ನಷ್ಟು ರೇಗಿತು.

ಅವನು ಎಚ್ಚರಿಕೆಯ ಮಾತು ಹೇಳಿ, ದಂಡ ಹಾಕದೆ ಬಿಟ್ಟು, ಕೌದಿಯನ್ನು ಇಟ್ಟುಕೊಂಡದ್ದಕ್ಕೆ ಒಂದು ಚೀಟಿ ಬರೆದ. 'ತಂದವರು' ಎಂಬಲ್ಲಿ ನನ್ನ ಹೆಸರು ಬರೆದ. 'ಮಾಡಿದವರು' ಎಂಬಲ್ಲಿಗೆ ಬಂದಾಗ ನನ್ನನ್ನು ಕೇಳಲೇ ಇಲ್ಲ. ಅಕ್ಕನ ಪಾಸ್‌ಪೋರ್ಟು ತೆರೆದು, ಅಕ್ಷರ ಅಕ್ಷರ ನೋಡಿ ಅವಳ ಹೆಸರು ಬರೆದು, ಚೀಟಿಯನ್ನು ಅವಳ ಕೈಗೇ ಕೊಟ್ಟ.

"ಇದರಾಗ ನನ್ನ ಹೆಸರ ಯಾವದು?" ಎಂದು ಕೇಳಿದಳು. ಅವಳಿಗೆ ಕನ್ನಡ ಅಷ್ಟಿಷ್ಟು ಓದಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ನಾನು ಬೆರಳಿಟ್ಟು ತೋರಿಸಿದೆ. ಅವಳು ಬಹಳ ಹೊತ್ತು ಅದನ್ನೇ ನೋಡಿ, ಮಡಚಿ ಸಂಚಿಯಲ್ಲಿ ಇಟ್ಟುಕೊಂಡಳು.

ಹ್ಯಾಮಿಲ್ಟನ್, ಕೌದಿ ಇಲ್ಲದ ಎರಡು ದಿನ

ಹ್ಯಾಮಿಲ್ಟನ್ನಿಗೆ ಬಸ್ಸಿನಲ್ಲಿ ಹೋದೆವು. ದಾರಿಯ ಎರಡೂ ಕಡೆ ಹಸಿರು, ಅದರ ತುಂಬ ಆಕಳು. ಒಂದು ನರಪಿಳ್ಳೆ ಇಲ್ಲ. "ಇಷ್ಟ ದನಾ ಅದಾವು, ಹೆಂಡಿ ಯಾರ ಬಳೀತಾರ?" ಎಂದು ಅಕ್ಕ ಎರಡು ತಾಸಿನಲ್ಲಿ ನಾಲ್ಕು ಸಲ ಕೇಳಿದಳು. ನನಗೇನು ಗೊತ್ತು? ಆ ಊರಿನ ಜನ ಬಸ್ಸಿನಿಂದ ಇಳಿಯುವಾಗ ಒಬ್ಬೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ನಮ್ಮ ಸಾವಳಗಿ ಬಸ್ಸಿನಲ್ಲಿ ಹಾಗೆ ಹೇಳಿದರೆ ಡ್ರೈವರ್ ತನಗೇ ಏನೋ ಅಂದರೆಂದು ಜಗಳಕ್ಕೆ ಬಂದಾನು. ಅಕ್ಕ ಬೇಗ ಕಲಿತಳು. ಇಳಿಯುವ ಮುಂಚೆ ನಿಂತು, "ಛಲೋ ಹೊಡದಿ ನೋಡಪಾ ಗಾಡಿ. ಕುಲಕಲಿಲ್ಲ" ಎಂದು ಅವನ ಹೆಗಲು ತಟ್ಟಿದಳು. ಹಿಂದೆ ಹದಿನೈದು ಜನ ಕಾಯುತ್ತ ನಿಂತರು.

ಅಲ್ಲಿ ದೊಡ್ಡ ದೊಡ್ಡ ಮನುಷ್ಯರು ಅಂಗಡಿಗೆ ಬರಿಗಾಲಲ್ಲಿ ಬರುತ್ತಾರೆ. ಯಾರೂ ಅದನ್ನು ವಿಶೇಷವೆಂದು ತಿಳಿಯುವುದಿಲ್ಲ. ಅಕ್ಕ ಮಾತ್ರ ಒಬ್ಬ ಬರಿಗಾಲ ಹೆಂಗಸಿಗೆ ತನ್ನ ಚಪ್ಪಲಿ ಬಿಟ್ಟುಕೊಡಲು ಹೋದಳು. ಸೂರ್ಯನ ಮೇಲೂ ಅವಳಿಗೆ ಅನುಮಾನ ಬಂತು. ಮೂಡಲಿಗೆ ಮುಖ ಮಾಡಿ ನಿಂತರೆ ಅವನು ಎಡಕ್ಕೆ ಹೋಗುತ್ತಾನೆ ಎಂದು ಗೊಣಗಿದಳು. ನಾನು ನಂಬಲಿಲ್ಲ. ನಿಂತು ನೋಡಿದೆ, ಎಡಕ್ಕೇ ಹೋಗುತ್ತಿದ್ದ.

ಗ್ಯಾಲರಿಯನ್ನು ನೋಡಿಕೊಳ್ಳುವವಳು ಹೆಲೆನ್, ನನ್ನ ವಾರಗೆಯ ಹೆಂಗಸು. ಬೆಳ್ಳಗಿನ ಗೋಡೆಗಳು, ಗೋಡೆಗೊಂದು ಚಿತ್ರ. ತುಕ್ಕು ಹಿಡಿದ ತಂತಿಬೇಲಿಗೆ ಕುರಿಯ ಉಣ್ಣೆ ಸಿಕ್ಕಿಸಿ ಒಬ್ಬರು ಗುಡ್ಡ ಮಾಡಿದ್ದರು. ಚಹದ ಕಲೆಗಳ ಮೇಲೆ ಪೆನ್ಸಿಲ್ಲಿನಿಂದ ಇನ್ನೊಬ್ಬರು ತಮ್ಮ ತಾಯಿಯ ಕೈ ಬರೆದಿದ್ದರು; ಅದರ ಮುಂದೆ ನಾನು ಬಹಳ ಹೊತ್ತು ನಿಂತೆ, ಹೊಟ್ಟೆಕಿಚ್ಚಾಯಿತು. ನನ್ನ ಗೋಡೆ ಖಾಲಿ ಇತ್ತು. ಖಾಲಿ ಗೋಡೆಯ ಪಕ್ಕದಲ್ಲಿ ಚೀಟಿ ಮಾತ್ರ ಮುಂಚೆಯೇ ಅಂಟಿಸಿದ್ದರು.

ಎರಡನೆಯ ದಿನ ಅಕ್ಕ ಒಂದು ಇಂಡಿಯನ್ ಅಂಗಡಿ ಹುಡುಕಿಸಿ ಜೋಳದ ಹಿಟ್ಟು ಕೊಳ್ಳಿಸಿದಳು. ನಾವು ಇಳಿದುಕೊಂಡ ಮನೆಯ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯತೊಡಗಿದಳು. ಮೊದಲ ರೊಟ್ಟಿ ಹಂಚಿನ ಮೇಲೆ ಬಿದ್ದು ಹೊಗೆ ಎದ್ದಿತೋ ಇಲ್ಲವೋ, ತಲೆಯ ಮೇಲೆ ಛಾವಣಿಗೆ ಹಚ್ಚಿದ್ದ, ಹೊಗೆ ಕಂಡುಹಿಡಿಯುವ ಡಬ್ಬಿಯೊಂದು ಕಿವಿ ಹರಿಯುವಂತೆ ಕೂಗಲು ಶುರು ಮಾಡಿತು. ಮನೆಯವರು ಓಡಿ ಬಂದರು, ಪಕ್ಕದ ಮನೆಯವರು ಬಂದರು. ನಾನು ಸ್ಟೂಲಿನ ಮೇಲೆ ನಿಂತು ಆ ಡಬ್ಬಿಗೆ ಟಾವೆಲಿನಿಂದ ಗಾಳಿ ಹಾಕುತ್ತಿದ್ದೆ. ಅಕ್ಕ ಕೆಳಗೆ ನಿಂತು ರೊಟ್ಟಿ ಹೊರಳಿಸುತ್ತಿದ್ದಳು.

"ಯಾಕ ಮಾಡಾಕತ್ತಿ ಇದನ್ನ?"

"ಕೌದಿ ಬರತೈತಲ್ಲ, ಹೊಟ್ಟಿ ಖಾಲಿ ಐತಿ ಅದರದ."

ಹ್ಯಾಮಿಲ್ಟನ್, ಪ್ರದರ್ಶನದ ದಿನ

ಪ್ರದರ್ಶನದ ದಿನ ಬೆಳಿಗ್ಗೆ ಕೌದಿ ಬಂತು. ಅಕ್ಕ ಸೆರಗಿನಲ್ಲಿ ರೊಟ್ಟಿ ಕಟ್ಟಿಕೊಂಡು ಗ್ಯಾಲರಿಗೆ ಬಂದಳು. ಹೆಲೆನ್ ಕೈ ಮುಗಿದಳು, ಕ್ಷಮೆ ಕೇಳಿದಳು, ಆದರೆ ಬಿಡಲಿಲ್ಲ. ಒಂದು ಚಿತ್ರಕ್ಕೆ ಹುಳ ಬಿದ್ದರೆ ಎಲ್ಲ ಚಿತ್ರಕ್ಕೂ ಹತ್ತುತ್ತದೆ, ಒಳಗೆ ಆಹಾರ ಬೇಡವೇ ಬೇಡ ಎಂದಳು.

"ಹಂಗಾದ್ರ ನಾ ಬಾಯಿ ಮುಚ್ಚಂಗಿಲ್ಲ," ಎಂದಳು ಅಕ್ಕ.

"ಯಕ್ಕಾ, ಹರದಂಗ ಕಾಣಸ್ತೈತಿ. ನಾಕ ಹೊಲಿಗಿ ಹಾಕ, ಆತಲ್ಲ!"

"ಹಸದದ್ದನ್ನ ಬಾಯಿ ಹೊಲದ ಕೂಡಸ್ಲೇನು? ನೀ ಹೊಲಿ ಬೇಕಾದ್ರ."

ನನಗೆ ಹೊಲಿಯಲು ಬರುವುದಿಲ್ಲ. ಕೌದಿ ಹಾಗೆಯೇ ಗೋಡೆ ಏರಿತು, ಮೂಲೆಯಲ್ಲಿ ಅಂಗೈಯಗಲ ಬಾಯಿ ತೆರೆದುಕೊಂಡು. ಜನ ಬಂದರು. ಕೈಯಲ್ಲಿ ಗ್ಲಾಸು ಹಿಡಿದು, ತಲೆ ವಾರೆ ಮಾಡಿ ನೋಡಿದರು. ಅವರಿಗೆಲ್ಲ ಆ ಹರಕು ಬಾಯಿಯೇ ಬೇಕು! ಒಬ್ಬರು ಅದನ್ನು ಗಾಯ ಎಂದರು, ಇನ್ನೊಬ್ಬರು ಜೇಬು ಎಂದರು. ನಾನು ತಿಂಗಳುಗಟ್ಟಲೆ ಬರೆದ ಹದಿನಾಲ್ಕು ಟ್ರ್ಯಾಕ್ಟರುಗಳನ್ನು ಯಾರೂ ಎಣಿಸಲಿಲ್ಲ. ಹೆಲೆನ್ ಡ್ರೈವರನ ಕೆಂಪು ಚೂರಿನ ಮುಂದೆ ನಿಂತು, ಇಡೀ ಚಿತ್ರದ ಜೀವ ಇಲ್ಲಿದೆ, ಇದು ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದಳು.

ನಾನು ಥ್ಯಾಂಕ್ಸ್ ಎಂದೆ.

ಅಕ್ಕ ಅಲ್ಲೇ ನಿಂತಿದ್ದಳು. ಹೆಲೆನ್ ಬೆರಳು ಎಲ್ಲಿತ್ತು ಎಂಬುದು ಅವಳಿಗೆ ಕಂಡಿತ್ತು, ನಾನು ಅಂದ ಥ್ಯಾಂಕ್ಸ್ ಕೂಡ ಅರ್ಥವಾಗಿತ್ತು. ಎರಡು ದಿನ ಬಸ್ಸಿನಲ್ಲಿ ಕೇಳಿ ಕಲಿತ ಮಾತು ಅದು. ಅವಳು ಗೋಡೆಯ ಚೀಟಿಯ ಹತ್ತಿರ ಹೋದಳು. ಸಂಚಿಯಿಂದ ಆಕ್ಲೆಂಡಿನ ಚೀಟಿ ತೆಗೆದು, ಮಡಿಕೆ ಬಿಚ್ಚಿ, ಅದನ್ನು ಗೋಡೆಯ ಚೀಟಿಯ ಪಕ್ಕದಲ್ಲಿ ಹಿಡಿದಳು. ಇದರಲ್ಲಿ ಒಂದು ಅಕ್ಷರ, ಅದರಲ್ಲಿ ಒಂದು ಅಕ್ಷರ ಎಂದು ಬೆರಳಾಡಿಸುತ್ತ ಮೇಲಿಂದ ಕೆಳಗಿನವರೆಗೆ ಹೋದಳು. ಗೋಡೆಯ ಚೀಟಿಯಲ್ಲಿ ನನ್ನ ಹೆಸರು, ಊರಿನ ಹೆಸರು, ಕೆಳಗೆ 'ಇದ್ದಿಲು, ಮಸಿ, ಬಣ್ಣ, ಹಳೆಯ ಹೊದಿಕೆ' ಎಂದು ಇತ್ತು.

"ಶಿವ್ಯಾ, ಈ ಚೀಟ್ಯಾಗಿನ ನನ್ನ ಹೆಸರಿನ ಅಕ್ಷರ ಆ ಚೀಟ್ಯಾಗ ಇಲ್ಲಲ್ಲ?"

ಸುಳ್ಳು ಹೇಳಬಹುದಿತ್ತು. ಅಲ್ಲಿ ಬೇರೆ ಥರ ಬರೆಯುತ್ತಾರೆ ಎನ್ನಬಹುದಿತ್ತು. ಅವಳ ಬೆರಳು ಇನ್ನೂ ಆ ಚೀಟಿಯ ಮೇಲೇ ಇತ್ತು.

"ಇಲ್ಲ ಯಕ್ಕಾ."

"ಮರತಾರೇನ ಅವ್ರು?"

"ಅವ್ರಲ್ಲ. ನಾ ಬರದಿದ್ದಿಲ್ಲ."

"ಹೌದಾ," ಎಂದಳು. ಅಷ್ಟೇ. ಚೀಟಿ ಮಡಚಿದಳು. "ನಾಯಿಗಿ ತಿಳೀತು ನೋಡ," ಎಂದು 'ಪಾಳಿ'ಯ ಮುಂದಿನ ಬೆಂಚಿನ ಮೇಲೆ ಹೋಗಿ ಕೂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಐವತ್ತೆರಡು ವರ್ಷದಿಂದ ಅವಳ ಬೈಗುಳಕ್ಕೆ ಹೊಂದಿಕೊಂಡವನು ನಾನು. ಅವಳು ಸುಮ್ಮನೆ ಕೂತದ್ದು ನನಗೆ ತಡೆಯಲಾಗಲಿಲ್ಲ. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ಹೆಲೆನ್‌ಳ ಹತ್ತಿರ ಹೋಗಿ ಚೀಟಿ ತಪ್ಪಾಗಿದೆ ಎಂದೆ. ಒಳಗೊಳಗೆ, ಆಗುವುದಿಲ್ಲ, ಅಚ್ಚಾಗಿದೆ, ನಿಯಮ ಇಲ್ಲ ಎಂದು ಅವಳು ಅನ್ನಲಿ ಎಂದೂ ಇತ್ತು. ಅವಳು ತನ್ನ ಕೈಯಲ್ಲಿದ್ದ ಪರದೆಯ ಮೇಲೆ ನನ್ನ ಅರ್ಜಿ ತೆರೆದು ತೋರಿಸಿದಳು. 'ಜೊತೆಗೆ ಕೆಲಸ ಮಾಡಿದವರು' ಎಂಬುದರ ಮುಂದೆ ನನ್ನ ಅಡ್ಡಗೆರೆ ನೆಟ್ಟಗೆ, ಡ್ರಾಯಿಂಗ್ ಮಾಸ್ತರನ ಕೈಯಿಂದ ಎಳೆದದ್ದು ಎಂದು ಗೊತ್ತಾಗುವಷ್ಟು ನೆಟ್ಟಗೆ ಇತ್ತು. ನೀವು ಹೇಳಿದ್ದರೆ ಮೊದಲೇ ಹಾಕುತ್ತಿದ್ದೆವಲ್ಲ, ಎಂದಳು. ಯಾರ ಹೆಸರು ಮೇಲೆ ಎಂದು ಕೇಳಿದಳು.

"ಅಕ್ಕನದು," ಎಂದೆ. "ವಯಸ್ಸಿನ ಪ್ರಕಾರ." ಅಷ್ಟಾದರೂ ಸೊಕ್ಕು ಉಳಿಸಿಕೊಳ್ಳಬೇಕಿತ್ತು.

ಐದೇ ನಿಮಿಷದಲ್ಲಿ ಹೊಸ ಚೀಟಿ ಬಂತು. ಹಳೆಯದನ್ನು ನಾನೇ ಕಿತ್ತೆ. ಅಕ್ಕ ಎದ್ದು ಬಂದು ಮತ್ತೆ ತನ್ನ ಚೀಟಿ ತೆಗೆದು, ಅಕ್ಷರ ಅಕ್ಷರಕ್ಕೆ ಬೆರಳಿಟ್ಟು ತಾಳೆ ನೋಡಿದಳು. ಮೊದಲನೆಯ ಸಲ ಸರಿ ಬಂದರೂ ಇನ್ನೊಂದು ಸಲ ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಹಳೆಯ ಚೀಟಿಗೆ ಕೈ ಚಾಚಿದಳು.

"ಅದನ್ನ ಕೊಡ ಇಲ್ಲೆ."

"ಯಾಕ?"

"ಕೊಡಂದ್ರ ಕೊಡ."

ರೊಟ್ಟಿ ಮುರಿದಂತೆ ಅದನ್ನು ಎರಡು ಭಾಗ ಮಾಡಿ, ಕೌದಿಯ ತೆರೆದ ಬಾಯಿಯೊಳಗೆ ಇಟ್ಟಳು. "ರೊಟ್ಟಿ ಬ್ಯಾಡ ಅಂತಾರ. ಇದನ್ನರ ತಿನ್ಲಿ ಇಷ್ಟ ದಿನಾ." ಸಂಚಿಯಿಂದ ಸೂಜಿ ತೆಗೆದು, ನಿಂತಲ್ಲೇ, ಅಷ್ಟೂ ಜನರ ಎದುರಿಗೆ ಬಾಯಿ ಹೊಲಿದು ದಾರವನ್ನು ಹಲ್ಲಿನಿಂದ ಕಡಿದಳು. ಇದೂ ಕಾರ್ಯಕ್ರಮದ ಒಂದು ಭಾಗ ಎಂದು ತಿಳಿದ ಜನ ಚಪ್ಪಾಳೆ ಹೊಡೆದರು. ಹೆಲೆನ್ ಎಲ್ಲರಿಗಿಂತ ಜೋರಾಗಿ ಹೊಡೆದಳು. ನನ್ನ ಹೆಸರಿದ್ದ ಚೀಟಿಗೆ ಅವತ್ತು ಸಿಕ್ಕ ಚಪ್ಪಾಳೆ ಅದೊಂದೇ.

ಅನಗವಾಡಿ

ಪ್ರದರ್ಶನ ಮುಗಿದು ಎರಡು ತಿಂಗಳಿಗೆ ಕೌದಿ ಡಬ್ಬಿಯಲ್ಲಿ ಜಮಖಂಡಿಗೆ ಬಂತು. ಅದನ್ನು ಹೊತ್ತುಕೊಂಡು ಅನಗವಾಡಿಗೆ ಹೋದೆ. ಬಸ್ಸು ಇಳಿಯುವಾಗ ಅಭ್ಯಾಸದಿಂದ ಡ್ರೈವರನಿಗೆ ಥ್ಯಾಂಕ್ಸ್ ಎಂದೆ. "ಯಾಕ್ರೀ ಮಾಸ್ತರ, ಆರಾಮದೀರಿಲ್ಲೊ?" ಎಂದು ಅವನು ಕೇಳಿದ.

ಅಕ್ಕ ಕೌದಿಯನ್ನು ಪಡಸಾಲೆಯಲ್ಲಿ ಹಾಸಿ, ಎಲ್ಲ ಕಡೆ ಕೈಯಾಡಿಸಿ ನೋಡಿದಳು. ಮೂಲೆ ಬಿಚ್ಚಿ ನನ್ನ ಎರಡು ತುಂಡು ಚೀಟಿ ಹೊರಗೆ ತೆಗೆದು ನನ್ನ ತೊಡೆಯ ಮೇಲೆ ಹಾಕಿದಳು. ಒಳಗೆ ಹೋಗಿ, ಅವತ್ತೇ ಬೆಳಿಗ್ಗೆ ಮಾಡಿದ ರೊಟ್ಟಿಯಲ್ಲಿ ಒಂದು ಚೂರು ಮುರಿದು ತಂದು ಇಟ್ಟಳು. ಇನ್ನು ಹೊಲಿಯುತ್ತಾಳೆ ಎಂದುಕೊಂಡರೆ ಸೂಜಿದಾರ ನನ್ನ ಕಡೆ ಚಾಚಿದಳು.

"ತಗೋ. ನಾಕ ಹೊಲಿಗಿ ನೀ ಹಾಕ. ಮುಂದ ಯಾರರ ಯಾರ ಮಾಡಿದ್ರು ಅಂತ ಕೇಳಿದ್ರ ನಾನೂ ಮಾಡೇನಿ ಅನ್ನಾಕ ಬರತೈತಿ."

"ನಂಗ ಬರಂಗಿಲ್ಲಂತ ಗೊತ್ತೈತಲ್ಲ ನಿಂಗ!"

"ಅದಕ್ಕ ಅಂದೆ."

ಬೆರಳಿಗೆ ಎರಡು ಸಲ ಚುಚ್ಚಿಕೊಂಡು ಹೊಲಿದೆ. ಸೊಟ್ಟ ಆಗೈತಿ ಎಂದು ಬಿಚ್ಚಿಸಿದಳು. ಮತ್ತೆ ಹೊಲಿದೆ, ಸಡಿಲ ಆಗೈತಿ ಎಂದು ಬಿಚ್ಚಿಸಿದಳು. ಮೂರನೆಯ ಸಲ ದಾರವೇ ಕಡಿದುಹೋಯಿತು. ಹೊತ್ತು ಇಳಿಯುತ್ತಿತ್ತು, ಕೊನೆಯ ಬಸ್ಸಿನ ಚಿಂತೆ ಹತ್ತಿತ್ತು, ನನಗೆ ತಲೆ ಕೆಟ್ಟುಹೋಗಿತ್ತು. ನಾಲ್ಕನೆಯ ಸಲ ಹೊಲಿದದ್ದನ್ನು ಅವಳು ಬೆಳಕಿಗೆ ಹಿಡಿದು ನೋಡಿದಳು, ಉಗುರಿನಿಂದ ಜಗ್ಗಿ ನೋಡಿದಳು.

"ಇರ್ಲಿ ಬಿಡ," ಎಂದಳು. "ಹೊಚ್ಕೊಂಡ್ರ ಈ ಮೂಲಿ ಕಾಲ ಕಡೆ ಬರತೈತಿ."